ಐರ್ಲೆಂಡಿನ ‘ಒಶೀನ್’ ಎಂಬ ಹೆಸರಿನ ಅರ್ಥವೇನು? ಅದರ ಮೂಲ ಯಾವುದು, ಈಗ ಎಷ್ಟು ಪ್ರಚಲಿತವಾಗಿದೆ?

ಡಬ್ಲಿನ್‌ನಲ್ಲಿರುವ ನಿಮ್ಮ ಅಕ್ಕನಿಗೆ ಗಂಡುಮಗು ಹುಟ್ಟಿದೆ, ಐರ್ಲೆಂಡಿನವರಾದ ಭಾವನ ಮನೆಯವರು ಮಗುವಿಗೆ ‘ಒಶೀನ್’ ಎಂದು ಹೆಸರಿಡಲು ಬಯಸಿದ್ದಾರೆ, ಆದರೆ ಎಲ್ಲಿ ಹುಡುಕಿದರೂ ‘ಪುಟ್ಟ ಜಿಂಕೆ’ ಎಂಬುದಕ್ಕಿಂತ ಹೆಚ್ಚಿನ ವಿವರ ಸಿಗುತ್ತಿಲ್ಲ ಎಂದು ಬರೆದಿದ್ದೀರಿ. ಐರ್ಲೆಂಡಿನ ಪಶ್ಚಿಮ ಭಾಗದ ಪ್ರಾಥಮಿಕ ಶಾಲೆಯೊಂದರಲ್ಲಿ ಕೆಲಸ ಮಾಡುವ ನನಗೆ ಈ ಹೆಸರಿನ ಮಕ್ಕಳು ಆಗಾಗ ಸಿಗುತ್ತಿರುತ್ತಾರೆ. ಹೆಸರಿನ ಹಿಂದಿರುವ ಕಥೆಗಳೂ ನನಗೆ ಬಹಳ ಪ್ರಿಯವಾದವು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

‘ಪುಟ್ಟ ಜಿಂಕೆ’ ಎಂಬ ಅರ್ಥ ಸರಿಯಾಗಿಯೇ ಇದೆ. ಹಳೆಯ ಐರಿಶ್ ಭಾಷೆಯಲ್ಲಿ ‘ಒಸ್’ ಎಂದರೆ ಜಿಂಕೆ. ‘ಈನ್’ ಎಂಬುದು ಚಿಕ್ಕದು, ಮುದ್ದಿನದು ಎಂಬ ಭಾವವನ್ನು ಸೇರಿಸುವ ಪ್ರತ್ಯಯ. ಐರಿಶ್‌ನಲ್ಲಿ ಸಕಾರದ ಪಕ್ಕದಲ್ಲಿ ಇಕಾರ ಅಥವಾ ಎಕಾರ ಬಂದರೆ ಅದು ಸಾಮಾನ್ಯವಾಗಿ ಶಕಾರವಾಗಿ ಉಚ್ಚಾರವಾಗುತ್ತದೆ. ‘ಒಸ್’ ಮತ್ತು ‘ಈನ್’ ಸೇರಿದಾಗ ‘ಒಸೀನ್’ ಆಗದೆ ‘ಒಶೀನ್’ ಆಗುವುದು ಈ ನಿಯಮದಿಂದಲೇ. ಇಂದಿನ ಐರಿಶ್ ಮಾತಿನಲ್ಲಿ ಜಿಂಕೆಗೆ ‘ಫೀಅ’ ಎನ್ನುತ್ತಾರೆ. ಆ ಪದದ ಹಳೆಯ ಕಾಗುಣಿತವೇ ಈಗ ಹೆಣ್ಣುಮಕ್ಕಳ ಹೆಸರಾಗಿ ಬಳಕೆಯಲ್ಲಿದ್ದು, 2021ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಅದಾಗಿತ್ತು.

ಆದರೆ ಐರ್ಲೆಂಡಿನ ತಂದೆತಾಯಿ ಮಗುವಿಗೆ ಈ ಹೆಸರಿಡುವಾಗ ಅವರ ಮನಸ್ಸಿನಲ್ಲಿ ಇರುವುದು ನಿಘಂಟಿನ ಅರ್ಥಕ್ಕಿಂತ ಹೆಚ್ಚಾಗಿ ಫಿಯನ್ ಮಕ್‌ಕೂಲ್‌ನ ಮಗ ಒಶೀನ್. ಫಿಯನ್ ಎಂಬವನು ‘ಫಿಯನ್ನ’ ಎಂಬ ಬೇಟೆಗಾರ ಯೋಧರ ಪಡೆಯ ನಾಯಕ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜನಪದ ಕಥೆಗಳಲ್ಲಿ ಅವನಷ್ಟು ವಿಸ್ತಾರವಾಗಿ ಹರಡಿದ ವೀರರು ವಿರಳ. ಒಂದು ದಿನ ಬೇಟೆಗೆ ಹೋದಾಗ ಅವನ ನಾಯಿಗಳಾದ ಬ್ರಾನ್ ಮತ್ತು ಸ್ಕೋಲನ್ ಒಂದು ಹೆಣ್ಣುಜಿಂಕೆಯನ್ನು ಅಟ್ಟಿಸಿಕೊಂಡು ಹೋಗಿ, ಅದನ್ನು ಕಚ್ಚದೆ ಅದರ ಸುತ್ತ ಆಡತೊಡಗುತ್ತವೆ. ಆಶ್ಚರ್ಯಗೊಂಡ ಫಿಯನ್ ಆ ಜಿಂಕೆಯನ್ನು ಕೋಟೆಗೆ ಕರೆತರುತ್ತಾನೆ. ಅಲ್ಲಿ ಅದು ಸೈವ್ ಎಂಬ ಹೆಣ್ಣಾಗಿ ನಿಲ್ಲುತ್ತದೆ. ಮದುವೆಗೆ ಒಪ್ಪದ ಕಾರಣಕ್ಕೆ ಮಾಟಗಾರನೊಬ್ಬ ಅವಳನ್ನು ಜಿಂಕೆಯಾಗಿಸಿದ್ದ; ಕೋಟೆಯೊಳಗೆ ಇರುವಷ್ಟು ಕಾಲ ಮಾತ್ರ ಅವಳಿಗೆ ಮಾನವರೂಪ. ಇಬ್ಬರೂ ಸತಿಪತಿಗಳಾಗುತ್ತಾರೆ. ಅವಳು ಬಸುರಿಯಾಗಿದ್ದಾಗ ಫಿಯನ್ ಯುದ್ಧಕ್ಕೆ ಹೋಗುತ್ತಾನೆ, ಆ ಸಮಯ ನೋಡಿ ಮಾಟಗಾರ ಫಿಯನ್‌ನ ವೇಷ ಧರಿಸಿ ಬಂದು ಅವಳನ್ನು ಬಾಗಿಲ ಹೊರಗೆ ಸೆಳೆದು ಮತ್ತೆ ಜಿಂಕೆಯಾಗಿಸಿ ಕೊಂಡೊಯ್ಯುತ್ತಾನೆ. ಫಿಯನ್ ಏಳು ವರ್ಷ ಕಾಡುಬೆಟ್ಟಗಳಲ್ಲಿ ಹುಡುಕುತ್ತಾನೆ. ಕೊನೆಗೆ ಸ್ಲೈಗೋ ಸೀಮೆಯ ಬೆನ್‌ಬುಲ್ಬೆನ್ ಬೆಟ್ಟದಲ್ಲಿ ನಾಯಿಗಳು ಬೆತ್ತಲೆ ಹುಡುಗನೊಬ್ಬನನ್ನು ಕಂಡು, ಬೇರೆ ನಾಯಿಗಳು ಹತ್ತಿರ ಬಾರದಂತೆ ಕಾಯುತ್ತಾ ನಿಲ್ಲುತ್ತವೆ. ಜಿಂಕೆಯೊಂದರ ಆರೈಕೆಯಲ್ಲಿ ಬೆಳೆದ ಆ ಹುಡುಗನೇ ಒಶೀನ್. ತಾಯಿ ಮಾತ್ರ ಮರಳಿ ಸಿಗುವುದೇ ಇಲ್ಲ.

ಈ ಕಥೆಯ ಕೆಲವು ಪಾಠಾಂತರಗಳಲ್ಲಿ ಇನ್ನೊಂದು ವಿವರವೂ ಬರುತ್ತದೆ: ತಾಯಿಜಿಂಕೆ ನಾಲಗೆಯಿಂದ ನೆಕ್ಕಿದ ಕಡೆ ಮಗುವಿನ ಹಣೆಯ ಮೇಲೆ ಜಿಂಕೆಯ ರೋಮದ ಒಂದು ಎಳೆ ಬೆಳೆದಿತ್ತಂತೆ. ಶೃಂಗೇರಿಯ ಬಳಿಯ ಕಿಗ್ಗದಲ್ಲಿ ಮಳೆಯ ದೇವರಾಗಿ ಪೂಜೆಗೊಳ್ಳುವ ಋಷ್ಯಶೃಂಗನನ್ನು ಬಲ್ಲ ನಮಗೆ ಇದು ತೀರಾ ಅಪರಿಚಿತವೆನಿಸುವುದಿಲ್ಲ. ಅವನೂ ಹೆಣ್ಣುಜಿಂಕೆಯ ಮಗ, ಅವನ ತಲೆಯ ಮೇಲೂ ತಾಯಿಯ ಗುರುತಾಗಿ ಕೊಂಬು. ಒಂದು ಕಥೆಯಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಊರಿನಲ್ಲಿರುವ ಅಜ್ಜ ಅಜ್ಜಿಗೆ ಮೊಮ್ಮಗನ ಹೆಸರನ್ನು ವಿವರಿಸಬೇಕಾದಾಗ, ‘ಋಷ್ಯಶೃಂಗನ ಹಾಗೆ ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ ವೀರನ ಹೆಸರು’ ಎಂದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಒಶೀನ್ ದೊಡ್ಡವನಾಗಿ ಯೋಧನೂ ಕವಿಯೂ ಆಗುತ್ತಾನೆ. ನೀವ್ ಎಂಬ ಹೊಂಗೂದಲಿನ ಕನ್ಯೆ ಬಿಳಿಯ ಕುದುರೆಯ ಮೇಲೆ ಬಂದು ಅವನನ್ನು ಕಡಲಾಚೆಯ ತೀರ್ ನ ನೋಗ್ ಎಂಬ, ಮುಪ್ಪಿಲ್ಲದ ನಾಡಿಗೆ ಕರೆದೊಯ್ಯುತ್ತಾಳೆ. ಮೂರು ವರ್ಷ ಕಳೆಯಿತೆಂದುಕೊಂಡು ತಂದೆಯನ್ನು ನೋಡಲು ಅವನು ಮರಳಿ ಬರುವಾಗ ಐರ್ಲೆಂಡಿನಲ್ಲಿ ಮುನ್ನೂರು ವರ್ಷ ಸರಿದುಹೋಗಿರುತ್ತದೆ. ಕುದುರೆಯಿಂದ ಇಳಿಯಬಾರದೆಂದು ನೀವ್ ಎಚ್ಚರಿಸಿರುತ್ತಾಳೆ. ಡಬ್ಲಿನ್‌ನ ದಕ್ಷಿಣಕ್ಕಿರುವ ಗ್ಲೆನಸ್ಮೋಲ್ ಕಣಿವೆಯಲ್ಲಿ ಕೆಲವರು ಬಂಡೆಯೊಂದನ್ನು ಎತ್ತಲಾರದೆ ಒದ್ದಾಡುವುದನ್ನು ಕಂಡು ಅವನು ಕುದುರೆಯ ತಡಿಯ ಮೇಲಿನಿಂದಲೇ ಬಾಗಿ ಬಂಡೆಯನ್ನು ಎತ್ತಿಕೊಡುತ್ತಾನೆ. ಆಗ ತಡಿಯ ಪಟ್ಟಿ ಹರಿದು ನೆಲಕ್ಕೆ ಬೀಳುತ್ತಾನೆ. ಆ ಕ್ಷಣವೇ ಮುನ್ನೂರು ವರ್ಷಗಳ ಮುಪ್ಪು ಅವನ ಮೈಮೇಲೆ ಎರಗುತ್ತದೆ. ಈ ಭಾಗ ಇಂದು ಜನರ ಬಾಯಲ್ಲಿರುವ ರೂಪಕ್ಕೆ ಬಂದದ್ದು ಮುಖ್ಯವಾಗಿ 1750ರ ಸುಮಾರಿಗೆ ಕ್ಲೇರ್ ಸೀಮೆಯ ಮೈಕೆಲ್ ಕಾಮಿನ್ ಐರಿಶ್‌ನಲ್ಲಿ ರಚಿಸಿದನೆನ್ನಲಾದ ಕಾವ್ಯದಿಂದ. ಅದಕ್ಕೂ ಐದಾರು ಶತಮಾನಗಳ ಹಿಂದೆ, ಸುಮಾರು 1200ರ ಹೊತ್ತಿಗೆ ರೂಪುಗೊಂಡ ದೊಡ್ಡದೊಂದು ಗದ್ಯಪದ್ಯ ಕೃತಿಯಲ್ಲಿ, ಫಿಯನ್ನ ಪಡೆಯಲ್ಲಿ ಉಳಿದ ಮುದುಕರು ಐರ್ಲೆಂಡಿಗೆ ಕ್ರೈಸ್ತಧರ್ಮ ತಂದನೆನ್ನಲಾದ ಸಂತ ಪ್ಯಾಟ್ರಿಕ್‌ನನ್ನು ಭೇಟಿಯಾಗಿ ಬೆಟ್ಟ, ಹೊಳೆ, ಕೋಟೆಗಳ ಕಥೆ ಹೇಳುತ್ತಾರೆ. ಆ ಮುದುಕರಲ್ಲಿ ಒಶೀನ್ ಕೂಡ ಒಬ್ಬ. ನಂತರದ ಲಾವಣಿಗಳಲ್ಲಂತೂ ಅವನು ಸಂತನೊಡನೆ ಜಗಳಕ್ಕೇ ಇಳಿಯುತ್ತಾನೆ, ತನ್ನ ತಂದೆಗೂ ಸಂಗಡಿಗರಿಗೂ ಜಾಗವಿಲ್ಲದ ಸ್ವರ್ಗ ತನಗೆ ಬೇಡ ಎನ್ನುತ್ತಾನೆ. ಹಳೆಯ ನಂಬಿಕೆ ಮತ್ತು ಹೊಸ ಧರ್ಮದ ನಡುವೆ ನಿಂತು ಎರಡನ್ನೂ ಕಂಡವನು ಅವನು. ನನ್ನ ಮಟ್ಟಿಗೆ ಈ ಹೆಸರಿನ ನಿಜವಾದ ತೂಕ ಇಲ್ಲಿದೆ.

ಇದು ಕಥೆಯಲ್ಲಷ್ಟೇ ಇದ್ದ ಹೆಸರಲ್ಲ. ಗಾಲ್ವೇ ಸೀಮೆಯ ಟೂಮ್ ಎಂಬ ಊರಿನ ಮೊದಲ ಆರ್ಚ್‌ಬಿಷಪ್ 1152ರಲ್ಲಿ ಆ ಪದವಿಗೇರಿದಾಗ ಅವನ ಕುಲನಾಮ ‘ಒಶೀನ್‌ನ ವಂಶದವನು’ ಎಂಬರ್ಥದ್ದಾಗಿತ್ತು. ಅಂದರೆ ಅದಕ್ಕೂ ಮುಂಚೆಯೇ ನಿಜವಾದ ಮನುಷ್ಯರು ಈ ಹೆಸರು ಹೊತ್ತಿದ್ದರು. ಆ ಕುಲನಾಮ ‘ಹೆಶನ್’ ಎಂಬ ಇಂಗ್ಲಿಷ್ ರೂಪದಲ್ಲಿ ಈ ಭಾಗದಲ್ಲಿ ಇಂದಿಗೂ ಇದೆ.

ಯುರೋಪಿಗೆ ಈ ಹೆಸರು ತಲುಪಿದ್ದು ವಿಚಿತ್ರವಾದ ದಾರಿಯಲ್ಲಿ. 1760ರಿಂದ ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್, ‘ಒಸಿಯನ್’ ಎಂಬ ಪ್ರಾಚೀನ ಕವಿಯ ಕಾವ್ಯಗಳ ಅನುವಾದವೆಂದು ಹೇಳಿ ಕೆಲವು ಪುಸ್ತಕಗಳನ್ನು ಪ್ರಕಟಿಸಿದ. ಅವುಗಳಲ್ಲಿ ಹೆಚ್ಚಿನ ಭಾಗ ಅವನದೇ ರಚನೆಯೆಂಬ ವಾದ ಆಗಲೇ ಎದ್ದಿತ್ತಾದರೂ, ಜರ್ಮನ್ ಕವಿ ಗಯಟೆಯಿಂದ ನೆಪೋಲಿಯನ್‌ವರೆಗೆ ಎಲ್ಲರೂ ಅವನ್ನು ಮೆಚ್ಚಿ ಓದಿದರು. ಕಥೆಯಲ್ಲಿ ಒಶೀನ್‌ನ ಮಗನ ಹೆಸರು ಆಸ್ಕರ್. ಅದರಲ್ಲಿರುವುದೂ ಅದೇ ‘ಒಸ್’, ಜಿಂಕೆಯ ಸ್ನೇಹಿತ ಎಂದು ಅದನ್ನು ಬಿಡಿಸುತ್ತಾರೆ. 1799ರಲ್ಲಿ ಹುಟ್ಟಿದ ತನ್ನ ಧರ್ಮಪುತ್ರನಿಗೆ ನೆಪೋಲಿಯನ್ ಆ ಹೆಸರನ್ನು ಸೂಚಿಸಿದ, ಆ ಮಗು ಮುಂದೆ ಸ್ವೀಡನ್ನಿನ ದೊರೆ ಮೊದಲನೆಯ ಆಸ್ಕರ್ ಆದ. ಹೀಗೆ ಮಗನ ಹೆಸರು ಜಗತ್ತನ್ನೆಲ್ಲ ಸುತ್ತಿತು, ತಂದೆಯ ಹೆಸರು ಮನೆಯಲ್ಲೇ ಉಳಿಯಿತು.

ಮನೆಯಲ್ಲೂ ಅದು ಬಹುಕಾಲ ಮಕ್ಕಳ ಹೆಸರಾಗಿ ಉಳಿದಿರಲಿಲ್ಲ. ಇಂಗ್ಲಿಷ್ ಆಡಳಿತದ ಶತಮಾನಗಳಲ್ಲಿ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಐರಿಶ್ ಹೆಸರುಗಳ ಜಾಗದಲ್ಲಿ ಹತ್ತಿರದ ಇಂಗ್ಲಿಷ್ ಹೆಸರುಗಳು ಬಂದು ಕೂತವು. 1889ರಲ್ಲಿ ಐರಿಶ್ ಕವಿ ಯೇಟ್ಸ್ ಒಶೀನ್‌ನನ್ನೇ ನಾಯಕನಾಗಿಸಿ ನೀಳ್ಗವಿತೆ ಬರೆದ. 1893ರಲ್ಲಿ ಗೇಲಿಕ್ ಲೀಗ್ ಎಂಬ ಸಂಘ ಸ್ಥಾಪನೆಯಾಗಿ ಐರಿಶ್ ಭಾಷೆಯ ಪುನರುಜ್ಜೀವನ ಆರಂಭವಾಯಿತು, 1922ರಲ್ಲಿ ಸ್ವತಂತ್ರ ರಾಜ್ಯ ಬಂತು. ಡಬ್ಲಿನ್‌ನ ಸ್ಮರಣೋದ್ಯಾನದಲ್ಲಿ ಹಂಸಗಳಾಗುತ್ತಿರುವ ಮಕ್ಕಳ ಶಿಲ್ಪವನ್ನು ನಿಮ್ಮ ಅಕ್ಕ ನೋಡಿರಬಹುದು. ಅದರ ಶಿಲ್ಪಿ ಒಶೀನ್ ಕೆಲಿ 1915ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಆಸ್ಟಿನ್. ಆ ತಲೆಮಾರಿನಲ್ಲಿ ಹೀಗೆ ಹೆಸರನ್ನು ಐರಿಶ್‌ಗೆ ತಿರುಗಿಸಿಕೊಂಡವರು ಬಹಳ ಮಂದಿ.

ಇಂದು ಪರಿಸ್ಥಿತಿ ಪೂರ್ತಿ ಬದಲಾಗಿದೆ. ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿ ಪ್ರತಿ ವರ್ಷ ಪ್ರಕಟಿಸುವ ಪಟ್ಟಿಯಲ್ಲಿ 2007ರಿಂದೀಚೆಗೆ ಬಹುಪಾಲು ವರ್ಷ ಗಂಡುಮಕ್ಕಳಲ್ಲಿ ಜ್ಯಾಕ್ ಮೊದಲಿದ್ದರೂ, ಈ ಶತಮಾನದಲ್ಲಿ ಒಶೀನ್ ಜನಪ್ರಿಯ ಹೆಸರುಗಳ ಸಾಲಿನಲ್ಲಿ ಸ್ಥಿರವಾಗಿ ಕಾಣಿಸಿಕೊಂಡಿದೆ. 2002ರಲ್ಲಿ ಆರ್ಮಾ ತಂಡ ಮೊದಲ ಸಲ ಅಖಿಲ ಐರ್ಲೆಂಡ್ ಗೇಲಿಕ್ ಫುಟ್‌ಬಾಲ್ ಪ್ರಶಸ್ತಿ ಗೆದ್ದಾಗ ಮಿಂಚಿದ ಒಶೀನ್ ಮೆಕಾನ್ವಿಲ್, 2019ರಿಂದ ಸತತ ಮೂರು ವರ್ಷ ಬ್ರಿಟನ್ನಿನ ಚಾಂಪಿಯನ್ ಜಾಕಿಯಾದ ಕಿಲಾರ್ನಿಯ ಒಶೀನ್ ಮರ್ಫಿ, ಇವರಿಬ್ಬರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಆದರೂ ಲಿಯಮ್, ಕೆವಿನ್, ರಯನ್ ಹೆಸರುಗಳ ಹಾಗೆ ಇದು ಹೊರದೇಶಗಳಲ್ಲಿ ಹರಡಿಲ್ಲ. ರೋಮನ್ ಲಿಪಿಯ ಕಾಗುಣಿತ (Oisín) ನೋಡಿದ ಹೊರಗಿನವರಿಗೆ ಉಚ್ಚಾರ ತಿಳಿಯದಿರುವುದೇ ಅದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಉಚ್ಚಾರದಲ್ಲಿ ಪ್ರದೇಶಭೇದವಿದೆ. ದಕ್ಷಿಣದ ಮನ್‌ಸ್ಟರ್‌ನವರು ‘ಶೀನ್’ ಮೇಲೆ ಒತ್ತು ಹಾಕುತ್ತಾರೆ, ಉಳಿದ ಕಡೆ ಒತ್ತು ಮೊದಲ ಅಕ್ಷರದ ಮೇಲೆ ಬಿದ್ದು ‘ಅಶೀನ್’ಗೆ ಹತ್ತಿರವಾಗಿ ಕೇಳುತ್ತದೆ. ಕನ್ನಡದಲ್ಲಿ ‘ಒಶೀನ್’ ಎಂದು ಬರೆದರೆ ಸಾಕು. ರೋಮನ್ ಲಿಪಿಯಲ್ಲಿ ಎರಡನೆಯ ‘ಐ’ ಅಕ್ಷರದ ಮೇಲೆ ಬರುವ ಓರೆಗೆರೆಯನ್ನು ಇಲ್ಲಿ ‘ಫಾದ’ ಎನ್ನುತ್ತಾರೆ. ಅದು ನಮ್ಮ ದೀರ್ಘದ ಕೆಲಸವನ್ನೇ ಮಾಡುತ್ತದೆ, ತೆಗೆದರೆ ಶೀ ಹೋಗಿ ಶಿ ಆಗುತ್ತದೆ. ನಮ್ಮ ಶಾಲೆಯಲ್ಲಿ ಕೋಟು ತೂಗುಹಾಕುವ ಗೂಟದ ಮೇಲಿನ ಚೀಟಿಯಲ್ಲಿ ಗೆರೆ ಬಿಟ್ಟುಹೋಗಿದ್ದನ್ನು ಕಂಡ ಐದು ವರ್ಷದ ಹುಡುಗನೊಬ್ಬ ಕೆಂಪು ಪೆನ್ಸಿಲಿನಿಂದ ತಾನೇ ಅದನ್ನು ಎಳೆದು, ಸರಿಯಾಯಿತೇ ಎಂದು ನನ್ನ ಮುಖ ನೋಡಿದ್ದ. ಇಲ್ಲಿನವರಿಗೆ ಆ ಗೆರೆ ಅಷ್ಟು ಮುಖ್ಯ. ಸರ್ಕಾರಿ ಕಂಪ್ಯೂಟರುಗಳು ಅದನ್ನು ನುಂಗಿಹಾಕುವುದರ ವಿರುದ್ಧ ಜನ ದೀರ್ಘಕಾಲ ದೂರಿದ ಮೇಲೆ, 2021ರ ಅಧಿಕೃತ ಭಾಷೆಗಳ ತಿದ್ದುಪಡಿ ಕಾಯ್ದೆಯಲ್ಲಿ ಅದಕ್ಕೂ ಅವಕಾಶ ಕಲ್ಪಿಸಲಾಯಿತು.

ಆದ್ದರಿಂದ ಮೂರು ತಿಂಗಳೊಳಗೆ ಮಾಡಿಸಬೇಕಾದ ಜನನ ನೋಂದಣಿಯಲ್ಲಿ ಹೆಸರನ್ನು ಫಾದ ಸಮೇತ ಬರೆಸಲು ಅಕ್ಕನಿಗೆ ಹೇಳಿ. ಪಾಸ್‌ಪೋರ್ಟಿನ ಕೆಳಭಾಗದ, ಯಂತ್ರ ಓದುವ ಸಾಲುಗಳಲ್ಲಿ ಗೆರೆ ಚುಕ್ಕೆಗಳಿಲ್ಲದ ಬರಿಯ ರೋಮನ್ ಅಕ್ಷರಗಳಿಗೆ ಮಾತ್ರ ಜಾಗವಿರುವುದರಿಂದ ಅಲ್ಲಿ ಫಾದ ಕಾಣುವುದಿಲ್ಲ, ಅದಕ್ಕೆ ಗಾಬರಿಯಾಗಬೇಕಿಲ್ಲ. ಮುಂದೆ ಮಗುವಿಗೆ ಭಾರತದ ದಾಖಲೆಗಳನ್ನೂ ಮಾಡಿಸುವುದಿದ್ದರೆ, ಫಾದ ಒಂದನ್ನು ಬಿಟ್ಟು ಉಳಿದ ಅಕ್ಷರಗಳೆಲ್ಲ ಐರಿಶ್ ದಾಖಲೆಯಲ್ಲಿರುವಂತೆಯೇ ಇರಲಿ. ಊರಿನವರಿಗೆ ಓದಲು ಸುಲಭವಾಗಲೆಂದು ಕಾಗುಣಿತ ಬದಲಿಸಿದರೆ ಎರಡು ದೇಶಗಳಲ್ಲಿ ಒಂದೇ ಮಗುವಿಗೆ ಎರಡು ಹೆಸರಾಗಿ ತೊಂದರೆಯಾಗುತ್ತದೆ.