ಕಾದಂಬರಿಯ ಪಾತ್ರಗಳೆಲ್ಲ ಒಂದೇ ಥರ ಕಾಣಿಸಿದರೆ ಏನು ಮಾಡಬೇಕು?

ಸಿಂಧನೂರು ಕಡೆಯ ಮೂವರು ಅಣ್ಣತಮ್ಮಂದಿರ ಕಾದಂಬರಿ ಬರೆಯುತ್ತಿದ್ದೀರಿ, ಓದಿದವರಿಗೆ ಯಾರು ಯಾರೆಂದೇ ತಿಳಿಯುತ್ತಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರದ ಭಾಷೆ ಕೊಡಲೇ ಎಂದು ಕೇಳಿದ್ದೀರಿ. ಬೇಡ. ಒಂದೇ ಮನೆಯಲ್ಲಿ ಬೆಳೆದವರು ಆಡುವುದು ಒಂದೇ ಕನ್ನಡ. 'ಬಂದಾನ', 'ಹೋಗ್ಯಾನ' ಮೂವರ ಬಾಯಲ್ಲೂ ಇರುತ್ತದೆ. ಅದರಿಂದ ಊರು ಗೊತ್ತಾದೀತು, ಮನುಷ್ಯ ಗೊತ್ತಾಗಲಿಕ್ಕಿಲ್ಲ.

ಮೊದಲು ಪ್ರತಿಯೊಬ್ಬನಿಗೂ ಮೂರು ಸಾಲು ಬರೆಯಿರಿ: ಅವನಿಗೆ ಏನು ಬೇಕು, ಏನು ಅಡ್ಡ ಬಂದಿದೆ, ಯಾರ ಮುಂದೆ ಆ ಮಾತು ಎತ್ತಲಾರ. 'ಗೌರವ ಬೇಕು' ಅಂತ ಬರೆದರೆ ಕೆಲಸಕ್ಕೆ ಬರುವುದಿಲ್ಲ, ಗೌರವ ಎಲ್ಲರಿಗೂ ಬೇಕು. ಕೈಗೆ ಸಿಗುವಂಥದ್ದಿರಲಿ. ದೊಡ್ಡವನಿಗೆ ಎರಡನೇ ಬೆಳೆಗೆ ನೀರು. ನಡುವಿನವನಿಗೆ ಹೊಲ ಮಾರಿ ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ. ಕಿರಿಯವನು ಕಾಲುವೆ ಮೇಲೆ ನೀರು ಕಾಯುವ ಹಂಗಾಮಿ ಗ್ಯಾಂಗ್‌ಮನ್. ಕೆಲಸ ಕಾಯಂ ಆಗಬೇಕು.

ಈಗ ಮೂವರನ್ನೂ ಒಂದೇ ಇಕ್ಕಟ್ಟಿಗೆ ತಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಕೊಪ್ಪಳ ಜಿಲ್ಲೆ ದಾಟಿ ನಿಮ್ಮ ಕಡೆ ಬರುತ್ತದೆ. ಮೇಲಿನವರು ಭತ್ತಕ್ಕೆ ಎಳೆದುಕೊಂಡಷ್ಟೂ ಕೊನೆಭಾಗದಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಇಳಿಯುತ್ತದೆ. ತೆನೆ ಕಟ್ಟುವ ಹೊತ್ತಿಗೆ ನೀರು ತಪ್ಪಿದರೆ ಕಾಳು ಜೊಳ್ಳು. ದೊಡ್ಡವನು ರಾತ್ರಿ ಹೋಗಿ ತೂಬು ಎತ್ತುತ್ತಾನೆ. ಪಹರೆಯಲ್ಲಿದ್ದ ಕಿರಿಯವನು ಬ್ಯಾಟರಿ ಆರಿಸಿ ನಿಲ್ಲುತ್ತಾನೆ: ಸಾಹೇಬರಿಗೆ ಹೇಳಿದರೆ ಅಣ್ಣ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ನೌಕರಿಗೆ ಕುತ್ತು. ಬೆಳೆ ಒಣಗಿದರೇನೇ ಅಣ್ಣ ಹೊಲ ಮಾರಲು ಒಪ್ಪುತ್ತಾನೆಂದು ನಡುವಿನವನಿಗೆ ಗೊತ್ತು. ಆದರೂ ಹಳ್ಳಕ್ಕೆ ಪಂಪು ಹಚ್ಚಲು ಡೀಸೆಲ್ಲಿಗೆ ದುಡ್ಡು ಕೊಡುತ್ತಾನೆ, ಸಾಕಾಗದಷ್ಟು. ಅವನ ಸ್ವಭಾವವನ್ನು ಎರಡು ಪುಟ ವರ್ಣಿಸಿದರೂ ಈ 'ಸಾಕಾಗದಷ್ಟು' ಹೇಳಿದಷ್ಟನ್ನು ಹೇಳಲಾಗದು.

ಈ ರಾತ್ರಿಯನ್ನು ಮೂರು ಸಲ ಬರೆಯಿರಿ, ಒಬ್ಬೊಬ್ಬನ ಕಣ್ಣಿನಿಂದ, ಸುಮಾರು 300 ಪದಗಳಲ್ಲಿ. ಕಾದಂಬರಿಗೆ ಸೇರಿಸಬೇಕೆಂದಿಲ್ಲ. ಇಬ್ಬರು ಅದೇ ವಿಚಾರ ಮಾಡಿ ಅದೇ ಕೆಲಸಕ್ಕೆ ಕೈ ಹಾಕಿದರೆ ಇಬ್ಬರನ್ನೂ ಕೂಡಿಸಿ ಒಬ್ಬನನ್ನಾಗಿ ಮಾಡಿ. ಮನಸ್ಸು ಒಪ್ಪುವುದಿಲ್ಲ, ಆದರೂ ಮಾಡಿ.

ಮಾತಿನ ಧಾಟಿ ಆಮೇಲೆ ತಾನಾಗಿ ಬರುತ್ತದೆ. ಅಂಗಡಿಯ ಆಸೆಯವನು ಮದುವೆಯ ಸುದ್ದಿಯನ್ನೂ ಚೀಲ, ಬಡ್ಡಿ, ಗಡುವಿನ ಲೆಕ್ಕದಲ್ಲಿ ಆಡುತ್ತಾನೆ. ದೊಡ್ಡವನು ಕೇಳಿದ್ದಕ್ಕೆ ಉತ್ತರ ಕೊಡದೆ 'ಸಲಿಕಿ ತಗೊಂಬಾ' ಅಂತ ಕೆಲಸ ಹಚ್ಚುತ್ತಾನೆ. ಕಿರಿಯವನಿಗೆ 'ಇಲ್ಲ' ಅನ್ನಲು ಬಾಯಿಲ್ಲ. 'ಸಾಹೇಬ್ರನ್ನ ಕೇಳಿ ಹೇಳ್ತೀನಣ್ಣ' ಅನ್ನುತ್ತಾನೆ. ಕುಂಟು ಕಾಲು, ಮೀಸೆ ತಿರುವುವ ಚಟ ಅಂಟಿಸುವುದು ಸುಲಭ, ಆದರೆ ಮೂರನೇ ಸಲಕ್ಕೆ ಓದುಗನಿಗೆ ಬೇಸರ.

ಹೆಸರುಗಳನ್ನೂ ಬದಲಿಸಿ. ಬಸವರಾಜ, ಬಸಣ್ಣ, ಬಸಲಿಂಗ ಒಂದೇ ಮನೆಯಲ್ಲಿರುವುದು ನಮ್ಮ ಕಡೆ ಸಹಜವೇ, ಆದರೆ ಓದುವ ಕಣ್ಣು ಮೊದಲಕ್ಷರ ಹಿಡಿದು ಓಡುತ್ತದೆ. ಮೊದಲಕ್ಷರವೂ ಉದ್ದವೂ ಬೇರೆಯಿರಲಿ.

ತಿದ್ದುವಾಗ ಒಬ್ಬನ ಮಾತುಗಳನ್ನಷ್ಟೇ ಬೇರೆ ಕಡತಕ್ಕೆ ನಕಲು ಮಾಡಿ, ಮೊದಲಿಂದ ಕೊನೆತನಕ ಒಟ್ಟಿಗೆ ಓದಿ. ಹತ್ತನೇ ಅಧ್ಯಾಯದಲ್ಲಿ ಕಿರಿಯವನು ಇದ್ದಕ್ಕಿದ್ದಂತೆ ಅಣ್ಣನಿಗೆ ಎದುರಾಡಿದರೆ, ಅದಕ್ಕೆ ಕಾರಣವಾದ ಘಟನೆ ಹಿಂದೆ ಇದೆಯೇ ನೋಡಿ. ಇಲ್ಲದಿದ್ದರೆ ನಾಲ್ಕೈದು ಅಧ್ಯಾಯ ಹಿಂದಕ್ಕೆ ಹೋಗಿ ಒಂದು ಸಣ್ಣ ಅವಮಾನ ಸೇರಿಸಿ. ಊರವರ ಎದುರು ಅಣ್ಣ ಅವನನ್ನು ಎಬ್ಬಿಸಿ ಚಹಾ ತರಲು ಕಳಿಸಿದ್ದರೂ ಸಾಕು.