ಮಸಾರಿ ಹೊಲದ ಆಲೂಗಡ್ಡೆಗೆ ಯೂರಿಯಾ ಹಾಕಿದರೂ ಕೆಳಗಿನ ಎಲೆ ಹಳದಿ ಆಗುವುದೇಕೆ?

ಬೆಳಗಾವಿ ಹತ್ತಿರ ನಿಮ್ಮದು ಮರಳು ಜಾಸ್ತಿ ಇರುವ ಮಸಾರಿ, ವಾರಕ್ಕೊಮ್ಮೆ ಸಾಲು ತುಂಬ ನೀರು ಬಿಡುತ್ತೀರಿ ಅಲ್ವಾ? ಗೊಬ್ಬರ ತಪ್ಪಿಸಿಕೊಳ್ಳುತ್ತಿರುವುದು ಅಲ್ಲೇ. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ, ಅಂದರೆ ಬೇರು ಹೀರುವ ಸಾರಜನಕ. ಅದನ್ನು ಮರಳು ಹಿಡಿದಿಡುವುದಿಲ್ಲ, ನೀರಿನ ಜೊತೆ ಇಳಿದುಹೋಗುತ್ತದೆ. ಆಲೂಗಡ್ಡೆಯ ಬೇರು ಹೆಚ್ಚಾಗಿ ಮೇಲಿನ ಒಂದೂವರೆ ಅಡಿಯಲ್ಲೇ ಇರುತ್ತದೆ. ಅದರ ಕೆಳಗೆ ಹೋದದ್ದು ಸುಮ್ನೆ ನೆಲದ ಪಾಲು. ಗಿಡಕ್ಕೆ ಸಾರಜನಕ ಸಾಲದೆ ಕೆಳಗಿನ ಎಲೆ ಹಳದಿ ಆಗುತ್ತದೆ.

ನೀರು ಸ್ವಲ್ಪ ಸ್ವಲ್ಪವೇ, ಆಗಾಗ ಕೊಡಿ. ಗಿಡದ ಬುಡದಲ್ಲಿ ಒಂದು ಗೇಣು ಅಗೆದು ಮಣ್ಣು ಹಿಂಡಿ ನೋಡಿ. ಉಂಡೆ ಕಟ್ಟದೆ ಉದುರಿದರೆ ನೀರಿನ ಹೊತ್ತಾಯಿತು. ಗಡ್ಡೆ ಕಟ್ಟುವಾಗಂತೂ ತಪ್ಪಿಸಬೇಡಿ. ಯೂರಿಯಾ, ಪೊಟ್ಯಾಷ್ ಎರಡನ್ನೂ ಕಂತು ಮಾಡಿ. ಡ್ರಿಪ್ ಇದ್ದರೆ ಕರಗಿಸಿ, ನೀರು ನಿಲ್ಲಿಸುವ ಸ್ವಲ್ಪ ಮುಂಚೆ ಬಿಡಿ. ಆಮೇಲೆ ಪೈಪ್ ತೊಳೆಯುವಷ್ಟೇ ನೀರು ಸಾಕು. ತಿಪ್ಪೆ ಗೊಬ್ಬರ ಮಾತ್ರ ಬಿತ್ತುವ ಮುಂಚೆಯೇ ಬೀಳಲಿ.