ವಿಟಮಿನ್ ಸಿ ಮಾತ್ರೆ ಬರೋಕ್ ಮುಂಚೆ ಸ್ಕರ್ವಿಗೆ (ವಿಟಮಿನ್ ಸಿ ಕಮ್ಮಿ ಆದ್ರೆ ಬರೋ ಕಾಯಿಲೆ) ಏನ್ ಮದ್ದು ಮಾಡ್ತಿದ್ರು?

ಹುಳಿ ಹಣ್ಣು, ಹಸಿ ಸೊಪ್ಪು, ಅಷ್ಟೇ. ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪುಮಾಂಸ ತಿನ್ಕೊಂಡಿರ್ತಿದ್ದ ಹಡಗಿನವ್ರಿಗೆ ವಸಡಲ್ಲಿ ರಕ್ತ ಬಂದು, ಹಲ್ಲು ಅಲ್ಲಾಡಿ, ಹಳೇ ಗಾಯನೂ ಬಿಟ್ಕೊಳ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ಡಾಕ್ಟ್ರು 12 ರೋಗಿಗಳನ್ನ ಇಬ್ಬಿಬ್ರಾಗಿ ಮಾಡಿ ವಿನೆಗರ್, ಸೈಡರ್ (ಹುಳಿಸಿದ ಸೇಬಿನ ರಸ), ಸಮುದ್ರದ ನೀರು (ಪಾಪ!) ಅಂತ ಒಂದೊಂದ್ ಜೋಡಿಗೆ ಒಂದೊಂದು ಕೊಟ್ಟು ನೋಡಿದ್ರು, ಕಿತ್ತಳೆ ನಿಂಬೆ ತಿಂದವ್ರಲ್ಲಿ ಒಬ್ಬ ಆರೇ ದಿನಕ್ಕೆ ಕೆಲಸಕ್ಕೆ ಎದ್ದ. ಆದ್ರೂ ಬ್ರಿಟಿಷ್ ನೌಕಾಪಡೆ ಎಲ್ರಿಗೂ ನಿಂಬೆರಸ ಕೊಡೋಕ್ ಹೊರಟಿದ್ದು 1795ರಲ್ಲಿ, ನೋಡಿ ಎಷ್ಟ್ ಲೇಟು.

ನಮ್ ಚಿಕ್ಕಮಗಳೂರ್ ಕಡೆ ಅಜ್ಜಿಯಂದ್ರಿಗೆ ಸ್ಕರ್ವಿ ಅನ್ನೋ ಹೆಸರೇ ಗೊತ್ತಿರ್ಲಿಲ್ಲ, ಆದ್ರೆ ಬೆಟ್ಟದ ನೆಲ್ಲಿಕಾಯಿನ ಉಪ್ಪುನೀರಲ್ಲಿ ಹಾಕಿಟ್ಟು ಮಳೆಗಾಲ ಪೂರ್ತಿ ತಂಬುಳಿ ಮಾಡೋರು, ಹಿತ್ತಲಲ್ಲಿ ಸೀಬೆಹಣ್ಣು, ಹೇರಳೆಕಾಯಿ ಹೆಂಗೂ ಇರ್ತಿತ್ತು. ಸೀಬೆ, ನೆಲ್ಲಿ ಎರಡ್ರಲ್ಲೂ ನಿಂಬೆಗಿಂತ ಸಿ ಜಾಸ್ತಿ.

ಒಂದ್ ವಿಷ್ಯ, ಕುದಿಸಿದ್ರೆ ವಿಟಮಿನ್ ಸಿ ಸುಮಾರು ಹೋಗ್ಬಿಡುತ್ತೆ, ತಾಮ್ರದ ಪಾತ್ರೆಲಿ ರಸ ಇಟ್ರೂ ಹಂಗೇ, ಅದಕ್ಕೇ ಹಸಿಯಾಗೇ ತಿನ್ನಿ. ಮತ್ತೆ ವಸಡಲ್ಲಿ ರಕ್ತ ಬಂದಿದ್ದೆಲ್ಲ ಸ್ಕರ್ವಿ ಅಲ್ಲ, ಮೊದ್ಲು ಹಲ್ಲಿನ ಡಾಕ್ಟ್ರಿಗೆ ತೋರಿಸಿ.